ಸುಡಲೆಂದೇ ಕಟ್ಟಿದ ಬೊಂಬೆಗಳು

ಹೊಸಪೇಟೆಯ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ಸ್ಪೇನ್‌ನ ವಲೆನ್ಸಿಯಾ ನಗರದ ‘ಫಾಯಾಸ್’ ಹಬ್ಬದ ಚಿತ್ರಗಳನ್ನು ನೋಡಿದೆ. ಮಟಮಟ ಮಧ್ಯಾಹ್ನ ಪಟಾಕಿ ಹೊಡೆದರೆ ಕಾಣುವುದಾದರೂ ಏನು? ವರ್ಷವಿಡೀ ದುಡಿದು ಮಾಡಿದ ಬೊಂಬೆಗಳನ್ನು ಒಂದೇ ರಾತ್ರಿ ಸುಡುವುದು ದುಂದಲ್ಲವೇ? ಇದಕ್ಕೆ ಯುನೆಸ್ಕೊ ಮನ್ನಣೆ ಬೇರೆ!”

ಸಂಪಾದಕರ ಉತ್ತರ:

ಮಧ್ಯಾಹ್ನದ ಪಟಾಕಿಯಲ್ಲಿ ಹೊಗೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ, ನಿಜ. ‘ಮಸ್ಕ್ಲೆತಾ’ ಎಂಬ ಈ ಹಗಲು ಪಟಾಕಿ ಇರುವುದೇ ಕಿವಿಗೆ. ಮಾರ್ಚ್ 1ರಿಂದ 19ರವರೆಗೆ ದಿನವೂ ಮಧ್ಯಾಹ್ನ 2 ಗಂಟೆಗೆ ಪುರಭವನದ ಮುಂದಿನ ಚೌಕ ಜನರಿಂದ ತುಂಬಿಹೋಗುತ್ತದೆ. ಬೇಲಿಯೊಳಗೆ ಬಟ್ಟೆ ಒಣಹಾಕುವ ಹಗ್ಗಗಳ ಹಾಗೆ ಸಾಲುಸಾಲು ಹಗ್ಗ, ಅವುಗಳಿಗೆ ನೇತುಬಿದ್ದ ಕಾಗದದ ಪೊಟ್ಟಣಗಳು. ಅವೇ ‘ಮಸ್ಕ್ಲೆಟ್’. ಬಾಲ್ಕನಿಯಿಂದ ಆ ವರ್ಷದ ಹಬ್ಬದ ರಾಣಿ ‘ಪಟಾಕಿ ಯಜಮಾನರೇ, ಮಸ್ಕ್ಲೆತಾ ಶುರುಮಾಡಬಹುದು’ ಎಂದು ವಲೆನ್ಸಿಯನ್ ನುಡಿಯಲ್ಲಿ ಅಪ್ಪಣೆ ಕೊಡುತ್ತಾಳೆ. ಮೊದಲು ಬಿಡಿಬಿಡಿ ಸದ್ದು. ಆಮೇಲೆ ನಡೆ ಬಿಗಿಯಾಗುತ್ತಾ ಹೋಗಿ, ಎದೆಗೂಡೇ ಅದುರತೊಡಗುತ್ತದೆ. ಕೊನೆಯ ಘಟ್ಟದ ಹೆಸರೇ ‘ತೆರ್ರೆಮೋತೊ’, ಭೂಕಂಪ. ಸದ್ದು 120 ಡೆಸಿಬಲ್ ದಾಟುತ್ತದೆ. ಬಾಯಿ ತೆರೆದಿಟ್ಟುಕೊಳ್ಳಿ ಎಂದು ಊರಿನವರು ಹೊಸಬರಿಗೆ ಹೇಳಿಕೊಡುತ್ತಾರೆ. ಎಲ್ಲ ಸೇರಿ ಐದಾರು ನಿಮಿಷ. ಹೊಗೆ ಚದುರುವ ಮೊದಲೇ ಜನ ಇವತ್ತಿನ ಲಯ ಹೇಗಿತ್ತೆಂದು ಚರ್ಚೆಗಿಳಿಯುತ್ತಾರೆ, ತನಿ ಆವರ್ತನ ಕೇಳಿ ಎದ್ದುಬಂದವರ ಹಾಗೆ.

ಸುಡುವ ವಿಷಯಕ್ಕೆ ಬರೋಣ. ಇದರ ಮೂಲವನ್ನು ಬಡಗಿಗಳಿಗೆ ಹೇಳುತ್ತಾರೆ. ಚಳಿಗಾಲದಲ್ಲಿ ದೀಪ ತೂಗುಹಾಕಲು ಇಟ್ಟುಕೊಂಡಿದ್ದ ಮರದ ಕಂಬಗಳನ್ನು, ಹಗಲು ಉದ್ದವಾದಾಗ, ತಮ್ಮ ಪೋಷಕ ಸಂತ ಜೋಸೆಫರ ಹಬ್ಬದ ಹೊತ್ತಿಗೆ ಬೀದಿಯಲ್ಲಿ ಸುಡುತ್ತಿದ್ದರಂತೆ. ಆ ಕಂಬಕ್ಕೆ ಯಾರೋ ಹಳೆ ಅಂಗಿ ತೊಡಿಸಿದರು. ಕ್ರಮೇಣ ಅದು ಕೇರಿಯ ಯಾವುದೋ ಪರಿಚಿತ ಮುಖವನ್ನೇ ಹೋಲತೊಡಗಿತು. ಇಂದಿಗೂ ‘ಫಾಯಾ’ದ, ಅಂದರೆ ಸುಡಲೆಂದು ಕಟ್ಟುವ ಈ ಬೊಂಬೆ ರಚನೆಯ, ಜೀವ ಇರುವುದು ಲೇವಡಿಯಲ್ಲಿ. ಮಂತ್ರಿ, ಮೇಯರ್, ಜಗತ್ತಿನ ದೊಡ್ಡ ತಲೆಗಳು ಯಾರನ್ನೂ ಬಿಡುವುದಿಲ್ಲ. ಸುಡದೆ ಉಳಿಸಿಕೊಂಡರೆ ಏನಾಗುತ್ತದೆ, ಯೋಚಿಸಿ. ಗೇಲಿಗೆಂದು ಮಾಡಿದ ಬೊಂಬೆ ಹತ್ತು ವರ್ಷದಲ್ಲಿ ಆ ಮಂತ್ರಿಯ ಪ್ರತಿಮೆಯಾಗಿ ನಿಂತುಬಿಡುತ್ತದೆ! ಹಾಗಾಗಿ ಇದನ್ನು ದುಂದು ಎನ್ನಲು ನನಗೆ ಮನಸ್ಸು ಬಾರದು. ದುಡ್ಡಿನ ಬಹುಪಾಲನ್ನು ಆಯಾ ಕೇರಿಯ ಸಮಿತಿಯವರೇ ವರ್ಷವಿಡೀ ಚಂದಾ, ಲಾಟರಿ ಎಂದು ಕೂಡಿಸುತ್ತಾರೆ. ಅದು ಹೋಗುವುದು ಕುಶಲಕರ್ಮಿಗಳ ಕೈಗೆ. ಕೈಬಿಡಲಾಗದಷ್ಟು ಚೆಂದದ ಬೊಂಬೆಗೆ ಕ್ಷಮಾದಾನವೂ ಉಂಟು. 1934ರಿಂದ ಜನ ಮತ ಹಾಕಿ ಬೆಂಕಿಯಿಂದ ಪಾರುಮಾಡಿದ ಬೊಂಬೆಗಳು ಅಲ್ಲಿನ ಮ್ಯೂಸಿಯಂನಲ್ಲಿವೆ.

ಮಾರ್ಚ್ 19ರ ರಾತ್ರಿ ಮೊದಲು ಮಕ್ಕಳ ಫಾಯಾ, ಆಮೇಲೆ ದೊಡ್ಡವು, ಕೊನೆಗೆ ಪುರಭವನದ್ದು. ಅಗ್ನಿಶಾಮಕದವರು ಪಕ್ಕದ ಮನೆಗಳ ಗೋಡೆಗೆ ನೀರು ಹಾಯಿಸುತ್ತಿರುತ್ತಾರೆ. ಬತ್ತಿಗೆ ಕಿಡಿ ಮುಟ್ಟಿಸಿದ ಹುಡುಗಿ ರೇಷ್ಮೆ ಉಡುಗೆಯಲ್ಲೇ ನಿಂತು ಬಿಕ್ಕಿಬಿಕ್ಕಿ ಅಳುತ್ತಾಳೆ. ಪಕ್ಕದಲ್ಲಿ ಬ್ಯಾಂಡ್ ನುಡಿಯುತ್ತಲೇ ಇರುತ್ತದೆ.

2016ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿದ್ದು ಈ ಇಡೀ ಕೂಡುಬಾಳನ್ನು.

ಒಂದು ಮಾತಿನಲ್ಲಿ ಮಾತ್ರ ನಾನು ನಿಮ್ಮ ಕಡೆಯವನೇ. ಹಿಂದೆ ಮರ, ರಟ್ಟು, ಮೇಣ ಇದ್ದ ಕಡೆ ಈಗ ಬಹುಪಾಲು ಥರ್ಮೋಕೋಲ್ ಬಂದಿದೆ. ಕೆತ್ತಲು ಹಗುರ, ಸುಟ್ಟರೆ ಕಪ್ಪು ಹೊಗೆ. ಆ ಹೊಗೆಯನ್ನು ಸಂಪ್ರದಾಯದ ಹೆಸರಿನಲ್ಲಿ ಸಮರ್ಥಿಸಲು ನನ್ನಿಂದಾಗದು. ಕೆಲವು ಕಲಾವಿದರು ಮತ್ತೆ ತೆಳು ಮರದ ಪಟ್ಟಿಗಳನ್ನು ಬಾಗಿಸಿ ಕಟ್ಟುವ ಹಳೆಯ ವಿಧಾನಕ್ಕೆ ಮರಳುತ್ತಿದ್ದಾರೆ. ಮುಂದಿನ ಸಲ ಫಾಯಾಸ್ ಚಿತ್ರ ಹಾಕುವಾಗ ಅವರ ಕೆಲಸವನ್ನೇ ಹುಡುಕಿ ಹಾಕುತ್ತೇವೆ.