ಆಟೋದವರಿಗೆ ಬಂತು, ಹೋಮ್‌ಸ್ಟೇಯವರಿಗೆ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮದು ದಕ್ಷಿಣ ಕೊಡಗು. ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟ, ಮೂರು ಕೋಣೆಯ ಹೋಮ್‌ಸ್ಟೇ. ಕೊರೊನಾ ಬಂದಾಗ ಹೋಮ್‌ಸ್ಟೇ ತಿಂಗಳುಗಟ್ಟಲೆ ಮುಚ್ಚಿತ್ತು. ಆಟೋದವರಿಗೆ, ಕ್ಷೌರಿಕರಿಗೆ ಸರ್ಕಾರ ದುಡ್ಡು ಕೊಟ್ಟಿತು. ನಮಗೆ ಒಂದು ಪೈಸೆ ಬರಲಿಲ್ಲ. ಪಂಚಾಯಿತಿಯಲ್ಲಿ ಕೇಳಿದರೆ ಹಣವೇ ಇಲ್ಲ ಅಂದರು. ಕೊಡಗಿನಲ್ಲಿ ವೋಟು ಕಡಿಮೆ ಅಂತ ಹೀಗಾ?

ಉತ್ತರ: ವೋಟಿನ ಮಾತು ಸುಳ್ಳಲ್ಲ. 224 ಶಾಸಕರಲ್ಲಿ ಕೊಡಗಿನವರು ಇಬ್ಬರೇ. ಆದರೆ ಅದಕ್ಕಿಂತ ದೊಡ್ಡ ಕಾರಣ, ನಿಮ್ಮ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ.

2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿ ಪರಿಹಾರ ಘೋಷಿಸಿತು. ಕ್ಷೌರಿಕರು, ಮಡಿವಾಳರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000. ಚಾಲಕರ ಹತ್ತಿರ ಲೈಸೆನ್ಸ್ ಇತ್ತು, ಹುಡುಕೋದು ಸುಲಭ. ಹೋಮ್‌ಸ್ಟೇ ಕಾಗದದಲ್ಲಿ ಬರೀ ಮನೆ. ನೋಂದಣಿ ಮಾಡಿಸದವರ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ನಿಮ್ಮಂಥವರ ಮನೆಗೆ ಅಡುಗೆಗೆ ಬರುವ ಅಕ್ಕಂದಿರು, ಹಾಸಿಗೆ ಬಟ್ಟೆ ಒಗೆಯುವವರು ಇನ್ನೂ ಹಿಂದೆ ಬಿದ್ದರು. ನನಗೆ ಜಾಸ್ತಿ ನೋವಾಗೋದು ಅವರನ್ನು ನೆನೆದಾಗ.

ಆ ಮಾರ್ಚ್ ನೆನಪಿದೆ ಅಲ್ವಾ? ಕೇರಳ ಗಡಿಯ ಮಾಕುಟ್ಟದ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿದಿದ್ದರು. ಗೋಣಿಕೊಪ್ಪದ ಭಾನುವಾರದ ಸಂತೆ ನಿಂತಿತ್ತು. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು, ಕರಿಮೆಣಸು ಇನ್ನೂ ಬಳ್ಳಿಯಲ್ಲಿತ್ತು. ಆದರೂ ಒಣಗಿದ ಕಾಫಿ ಗೋಣಿಚೀಲದಲ್ಲಿ ಕಾಯುತ್ತದೆ. ಇವತ್ತು ಲಾರಿ ಬರದಿದ್ದರೆ ಮೂರು ತಿಂಗಳು ಬಿಟ್ಟು ಮಾರಬಹುದು. ಖಾಲಿ ಬಿದ್ದ ಕೋಣೆಯ ಬಾಡಿಗೆ ಹೋದದ್ದು ಹೋಯಿತು. 2021ರ ಜೂನ್‌ನಲ್ಲಿ ಬೇರೆ ಜಿಲ್ಲೆಗಳು ತೆರೆದಾಗಲೂ 11 ಜಿಲ್ಲೆಗಳಲ್ಲಿ ಲಾಕ್‌ಡೌನ್ ಬಿಗಿ ಮುಂದುವರಿಯಿತು. ಕೊಡಗು ಅದರಲ್ಲಿ ಒಂದು. ಆಮೇಲೆ ಜುಲೈಯಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟವು, ಇಲ್ಲಿ ಕಾಫಿಗೆ ದರ ಬಂತು. ತೋಟ ಇದ್ದ ನಿಮಗೆ ಅಷ್ಟಾದರೂ ಆಸರೆ. ಪ್ರವಾಸಿಗರನ್ನು ಮಾಂದಲ್‌ಪಟ್ಟಿ ಬೆಟ್ಟಕ್ಕೆ ಕರೆದೊಯ್ಯುವ ಜೀಪಿನವರಿಗೆ ಅದೂ ಇಲ್ಲ.

ಪಂಚಾಯಿತಿಯವರು ಸುಮ್ನೆ ಹೇಳಿದ್ದಲ್ಲ. ಕೇಂದ್ರದ ಹಣ ಯಾರಿಗೆ ಎಷ್ಟು ಅಂತ ಶಿಫಾರಸು ಮಾಡುವ ಹಣಕಾಸು ಆಯೋಗ ಇದೆಯಲ್ಲ, ಆ 15ನೇ ಆಯೋಗದ ಅನುದಾನದಲ್ಲಿ ದೊಡ್ಡ ಪಾಲು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದನ್ನು ತೆಗೆದು ಪರಿಹಾರ ಹಂಚಲು ಬರುತ್ತಿರಲಿಲ್ಲ. ಮೇಲೂ ಬಿಗಿಯಿತ್ತು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.71ರಿಂದ ಶೇ 3.65ಕ್ಕೆ ಇಳಿದದ್ದು ಅದೇ ಸಮಯದಲ್ಲಿ. ಜಿಎಸ್‌ಟಿಯಿಂದ ತಪ್ಪಿದ ಆದಾಯಕ್ಕೆ ರಾಜ್ಯಕ್ಕೆ ಬರಬೇಕಿದ್ದ ಪರಿಹಾರದ ಕೊರತೆಯನ್ನು ಸಾಲ ಎತ್ತಿ ತುಂಬಬೇಕಾಯಿತು.

ಹಾಗಂತ ಇದನ್ನು ಒಪ್ಪಿಕೊಂಡು ಕೂರಬೇಕು ಅಂತ ನಾನು ಹೇಳೋದಿಲ್ಲ. 2021ರ ಏಪ್ರಿಲ್ 27ರಂದು ಮಡಿಕೇರಿ ನಗರಸಭೆಗೆ ಮತದಾನ ನಡೆಯಿತು. ಅದೇ ರಾತ್ರಿ 9ಕ್ಕೆ ರಾಜ್ಯವೆಲ್ಲ ಬಂದ್. ಮತದಾರರ ಪಟ್ಟಿ ಪ್ರತಿ ಬೂತಿಗೂ ತಲುಪಿತ್ತು. ದುಡಿಮೆ ಕಳೆದುಕೊಂಡವರ ಪಟ್ಟಿ ಮಾಡುವುದು ಅದಕ್ಕಿಂತ ಕಷ್ಟವೇನಲ್ಲ.

ಹೋಮ್‌ಸ್ಟೇಯನ್ನು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಕೆಲಸದವರ ಹೆಸರನ್ನೂ ಹೇಳಿ, ನಡಾವಳಿಯಲ್ಲಿ ಬರೆಸಿ. ಇನ್ನೊಂದು ವಿಷಯ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಬಡ್ಡಿ ಮೇಲಿನ ಬಡ್ಡಿಯನ್ನು 2 ಕೋಟಿವರೆಗಿನ ಮನೆ ಸಾಲ, ಸಣ್ಣ ಉದ್ದಿಮೆ ಸಾಲಗಳಿಗೆ ವಾಪಸ್ ಕೊಟ್ಟರು. ಬೆಳೆ ಸಾಲಕ್ಕೆ ಅದು ಇರಲಿಲ್ಲ. ಕೋಣೆ ಕಟ್ಟಲು ಮನೆ ಸಾಲ ಮಾಡಿದ್ದರೆ, ಆ ವರ್ಷದ ನವೆಂಬರ್ ತಿಂಗಳ ಪಾಸ್‌ಬುಕ್ ತೆಗೆದು ಆ ಜಮಾ ಬಂದಿದೆಯಾ ನೋಡಿ.