ಕ್ಲಿಂಕೋ, ಕ್ಲ್ಯಾಂಕೋ?

ಪ್ರಶ್ನೆ: ಮೇಷ್ಟ್ರೇ, ಇಂಗ್ಲಿಷಿನ ಕ್ಲಿಂಕ್, ಕ್ಲ್ಯಾಂಕ್, ಕ್ಲ್ಯಾಂಗ್ ಮೂರೂ ಲೋಹದ ಸದ್ದೇ ಅಲ್ವಾ? ವ್ಯತ್ಯಾಸ ಏನು?
– ಓದುಗರೊಬ್ಬರು, ಶಿರಸಿ

ಉತ್ತರ: ನಿನ್ನೆ ನಮ್ಮ ಮನೆಯಲ್ಲೇ ಮೂರೂ ಕೇಳಿದವು! ಲೋಟಕ್ಕೆ ಚಮಚ ತಾಗಿತು, ಕ್ಲಿಂಕ್. ಗೇಟಿನ ದಪ್ಪ ಸರಪಳಿ ಕಂಬಿಗೆ ಬಡಿಯಿತು, ಕ್ಲ್ಯಾಂಕ್. ಇದು ಭಾರದ ಸದ್ದು, ಥಟ್ಟನೆ ನಿಲ್ಲುತ್ತದೆ. ಹಿತ್ತಾಳೆ ಹರಿವಾಣ ಕೈಜಾರಿ ಬಿತ್ತು, ಕ್ಲ್ಯಾಂಗ್! ಬೀಳಿಸಿದ್ದು ನಾನೇ, ಬೈಗುಳವೂ ನನಗೇ.

ಗುಟ್ಟಿರುವುದು ಪದದ ಬಾಲದಲ್ಲಿ. 'ಕ್' ಸದ್ದನ್ನು ಕತ್ತರಿಸುತ್ತದೆ, 'ಂಗ್' ಮೂಗಿನಲ್ಲಿ ಎಳೆದು ಗುಂಯ್‌ಗುಡಿಸುತ್ತದೆ. ನಮ್ಮ 'ಠಣ್', 'ಢಣ್' ಕೂಡ ಮೂಗಿನಲ್ಲೇ ಮುಗಿಯುತ್ತವೆ, ನೋಡಿ. ಬಿಲ್ಲಿನ ಹೆದೆಗೆ ಮಾತ್ರ ಅವರ ಟ್ವಾಂಗ್‌ಗಿಂತ ನಮ್ಮ ಠೇಂಕಾರಕ್ಕೇ ಗತ್ತು ಜಾಸ್ತಿ.

ಅಂದ ಹಾಗೆ, ಲಂಡನ್ನಿನ ಹಳೆಯ ಜೈಲೊಂದರ ಹೆಸರೂ ಕ್ಲಿಂಕ್. 1780ರ ಗಲಭೆಯಲ್ಲಿ ಅದು ಸುಟ್ಟುಹೋಯಿತು. ಆಡುಮಾತಿನ ಇಂಗ್ಲಿಷಿನಲ್ಲಿ ಇಂದಿಗೂ ಜೈಲು ಅಂದರೆ ಕ್ಲಿಂಕ್.