ಸಹಿ ಹಾಕದವರು ಎಲ್ಲಿ? ನಾಗಾ ಶಾಂತಿ ಮಾತುಕತೆ ಕುರಿತ ಲೇಖನಕ್ಕೆ ಉತ್ತರ

ನಮಸ್ಕಾರ.

ನಾಗಾಲ್ಯಾಂಡಿನ ಶಾಂತಿ ಮಾತುಕತೆ ಕುರಿತ ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ. ಈಶಾನ್ಯದ ಬಗ್ಗೆ ಕನ್ನಡದಲ್ಲಿ ಶ್ರಮಪಟ್ಟು ಬರೆಯುವವರು ಕಡಿಮೆ. ಅದಕ್ಕೇ ಈ ಉತ್ತರ ಉದ್ದವಾಗಿದೆ.

ನಿಮ್ಮ ಲೇಖನದಲ್ಲಿ ಇರುವುದು ಇಬ್ಬರೇ: ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ‘ನಾಗಾ ಬಂಡುಕೋರರು’. ಎಡವಿದ್ದು ಇಲ್ಲೇ. ನಾಗಾ ಬೆಟ್ಟಗಳಲ್ಲಿ ಒಪ್ಪಂದ ಆದಾಗಲೆಲ್ಲ ಸಹಿ ಹಾಕಿದವರು, ಹಾಕದವರು ಎಂದು ಹೊಸ ಗೆರೆ ಬಿದ್ದಿದೆ. 1975ರ ನವೆಂಬರ್ 11ರಂದು, ಪ್ರತ್ಯೇಕ ನಾಗಾ ದೇಶಕ್ಕಾಗಿ ಹೋರಾಡುತ್ತಿದ್ದ ನಾಗಾ ನ್ಯಾಷನಲ್ ಕೌನ್ಸಿಲ್‌ನ ಕೆಲವರು ಭಾರತದ ಸಂವಿಧಾನವನ್ನು ಒಪ್ಪುವ ಶಿಲ್ಲಾಂಗ್ ಒಪ್ಪಂದಕ್ಕೆ ಸಹಿ ಮಾಡಿದರು. ಅದನ್ನು ದ್ರೋಹ ಎಂದ ಮುಯಿವಾ, ಐಸಾಕ್ ಸ್ವೂ, ಖಾಪ್ಲಾಂಗ್ 1980ರಲ್ಲಿ ನ್ಯಾಷನಲ್ ಸೋಷಿಯಲಿಸ್ಟ್ ಕೌನ್ಸಿಲ್ ಆಫ್ ನಾಗಾಲ್ಯಾಂಡ್ (ಎನ್‌ಎಸ್‌ಸಿಎನ್) ಎಂಬ ಸಶಸ್ತ್ರ ಸಂಘಟನೆ ಕಟ್ಟಿದರು. 1988ರಲ್ಲಿ ಅದೂ ಒಡೆದು ಐಸಾಕ್-ಮುಯಿವಾ (ಐಎಂ) ಮತ್ತು ಖಾಪ್ಲಾಂಗ್ ಬಣಗಳಾದವು; ದೆಹಲಿಯೊಂದಿಗೆ ಒಳಗೊಳಗೇ ರಾಜಿ ನಡೆಯುತ್ತಿದೆ ಎಂಬ ಗುಮಾನಿ ಆ ಒಡಕಿಗೆ ಒಂದು ಕಾರಣ. ನೀವು ಇದಕ್ಕೆ ಕೊಟ್ಟಿರುವುದು ಒಂದೇ ವಾಕ್ಯ. ಕನಿಷ್ಠ ಎರಡು ಪ್ಯಾರಾ ಬೇಕು.

ಅಲ್ಲಿ ಬುಡಕಟ್ಟುಗಳ ಹೆಸರೂ ಬರಲಿ. ಮುಯಿವಾ ಮಣಿಪುರದ ಉಖ್ರುಲ್ ಕಡೆಯ ತಂಗ್ಖುಲ್, ಸ್ವೂ ನಾಗಾಲ್ಯಾಂಡಿನ ಸುಮಿ, ಖಾಪ್ಲಾಂಗ್ ಮ್ಯಾನ್ಮಾರ್ ಬದಿಯ ಹೇಮಿ. ಹಾಗೆಂದು ಎಲ್ಲವನ್ನೂ ಬುಡಕಟ್ಟಿನ ಲೆಕ್ಕಕ್ಕೇ ಜಮಾ ಮಾಡಬೇಡಿ: ಖಾಪ್ಲಾಂಗ್ ಬಣದಲ್ಲೂ ಸುಮಿ ನಾಯಕರು ಇದ್ದರು.

1997ರ ಆಗಸ್ಟ್ 1ರ ಕದನವಿರಾಮವನ್ನು ನೀವು ‘ಹಿಂಸೆ ನಿಂತ ದಿನ’ ಎಂದಿದ್ದೀರಿ. ತಪ್ಪು. ಆ ಕದನವಿರಾಮ ಕೇಂದ್ರ ಸರ್ಕಾರ ಮತ್ತು ಐಎಂ ಬಣದ ನಡುವಿನದು. ಖಾಪ್ಲಾಂಗ್ ಬಣದೊಂದಿಗೆ ಬೇರೆಯದೇ ಕದನವಿರಾಮ ಆದದ್ದು 2001ರಲ್ಲಿ. ಎರಡೂ ಬಣಗಳು ಸರ್ಕಾರದೊಂದಿಗೆ ಒಪ್ಪಿಕೊಂಡವೇ ಹೊರತು ಪರಸ್ಪರ ಅಲ್ಲ. ಸೇನೆಯೊಂದಿಗಿನ ಕಾಳಗ ಇಳಿಯಿತು, ಬಣಗಳ ನಡುವಿನ ಕೊಲೆಗಳು ಮುಂದುವರಿದವು. ನಿಯಮಗಳನ್ನು ಓದಿ: ಶಸ್ತ್ರಧಾರಿಗಳು ಗೊತ್ತುಪಡಿಸಿದ ಶಿಬಿರಗಳಲ್ಲಿರಬೇಕು, ಊರೊಳಗೆ ಸಮವಸ್ತ್ರ ಮತ್ತು ಬಂದೂಕಿನೊಂದಿಗೆ ತಿರುಗಬಾರದು, ಬಲವಂತದ ವಸೂಲಿ ಇರಬಾರದು. ಕಾಗದದ ಮೇಲಿದ್ದ ಈ ಕೊನೆಯ ನಿಯಮವೇ ಹೆಚ್ಚು ಮುರಿದದ್ದು. ಒಂದೇ ಅಂಗಡಿ, ಒಂದೇ ಲಾರಿ, ಒಬ್ಬನೇ ನೌಕರನ ಸಂಬಳದಿಂದ ಹಲವು ಬಣಗಳು ‘ತೆರಿಗೆ’ ಎತ್ತಿದವು; ಯಾವ ಊರು ಯಾರ ವಸೂಲಿಗೆ ಸೇರಿದ್ದು ಎಂಬುದೇ ಗುಂಡಿನ ಚಕಮಕಿಗೆ ಕಾರಣವಾಯಿತು. 2013ರಲ್ಲಿ ದಿಮಾಪುರದ ಜನ ಇದರ ವಿರುದ್ಧ ಬೀದಿಗಿಳಿದು ಒಂದೇ ಸರ್ಕಾರಕ್ಕೆ ಒಂದೇ ತೆರಿಗೆ ಎಂದು ಕೇಳಿದರು. ನಿಮ್ಮ ಲೇಖನದಲ್ಲಿ ಆ ವ್ಯಾಪಾರಿಗಳಿಗೆ ಜಾಗವೇ ಇಲ್ಲ. ನಮಗೆ ತುಂಬಾ ನೋವಾದದ್ದು ಇದರಿಂದ.

ಮುಂದಿನದು ಭೂಗೋಳ. 2001ರ ಜೂನ್ 14ರಂದು ಬ್ಯಾಂಕಾಕಿನಲ್ಲಿ ಕೇಂದ್ರ ಮತ್ತು ಐಎಂ ಬಣ ಕದನವಿರಾಮಕ್ಕೆ ‘ಪ್ರಾದೇಶಿಕ ಮಿತಿ ಇಲ್ಲ’ ಎಂದು ಒಪ್ಪಿದವು; ಅಂದರೆ ಅದು ಮಣಿಪುರದಂಥ ನೆರೆರಾಜ್ಯಗಳಿಗೂ ಅನ್ವಯಿಸುತ್ತಿತ್ತು. ನಾಲ್ಕೇ ದಿನಕ್ಕೆ ಮಣಿಪುರದ ರಾಜಧಾನಿ ಇಂಫಾಲ ಹೊತ್ತಿ ಉರಿಯಿತು, ವಿಧಾನಸಭೆಯ ಕಟ್ಟಡಕ್ಕೆ ಬೆಂಕಿ ಬಿತ್ತು, ಗೋಲಿಬಾರಿನಲ್ಲಿ 18 ಜನ ಸತ್ತರು. ಜುಲೈನಲ್ಲಿ ಸರ್ಕಾರ ಆ ಮಾತನ್ನು ಹಿಂಪಡೆಯಿತು. ನೀವು ಇದನ್ನು ಪೂರ್ತಿ ಬಿಟ್ಟಿದ್ದೀರಿ. ಹಾಗಾಗಿ ನೆರೆರಾಜ್ಯಗಳಿಗೆ ಈ ಮಾತುಕತೆಯೆಂದರೆ ಯಾಕೆ ಆತಂಕ ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ.

2015ಕ್ಕೆ ಒಂದು ಇಡೀ ಭಾಗ ಮೀಸಲಿಡಿ, ತಿಂಗಳ ಪ್ರಕಾರ ಬರೆಯಿರಿ. ಮಾರ್ಚ್ ಕೊನೆಯಲ್ಲಿ ಖಾಪ್ಲಾಂಗ್ ಕದನವಿರಾಮ ಮುರಿದರು. ಅದನ್ನು ಒಪ್ಪದ ಇಬ್ಬರು ನಾಯಕರು ಏಪ್ರಿಲ್‌ನಲ್ಲೇ ‘ರಿಫಾರ್ಮೇಶನ್’ ಎಂಬ ಹೊಸ ಬಣ ಕಟ್ಟಿ ಸರ್ಕಾರದೊಂದಿಗೆ ಕದನವಿರಾಮಕ್ಕೆ ಬಂದರು. ಜೂನ್ 4ರಂದು ಮಣಿಪುರದ ಚಂದೇಲ್‌ನಲ್ಲಿ ಖಾಪ್ಲಾಂಗ್ ಬಣ ಹೊಣೆ ಹೊತ್ತ ಹೊಂಚುದಾಳಿಗೆ 18 ಸೈನಿಕರು ಬಲಿಯಾದರು. ಆಗಸ್ಟ್ 3ರಂದು ದೆಹಲಿಯಲ್ಲಿ ಐಎಂ ಬಣದೊಂದಿಗೆ ಚೌಕಟ್ಟು ಒಪ್ಪಂದ, ಅಂದರೆ ಅಂತಿಮ ಒಪ್ಪಂದಕ್ಕೆ ದಾರಿ ಹಾಕುವ ಮೂಲ ಒಪ್ಪಂದ. ಈ ನಾಲ್ಕನ್ನೂ ಒಂದರ ಪಕ್ಕ ಒಂದು ಇಟ್ಟರೆ, ಒಂದು ಬಣ ಮೇಜಿನ ಬಳಿ ಕೂತಾಗ ಇನ್ನೊಂದು ಕಾಡಿಗೆ ಮರಳುವುದು ತಾನಾಗಿ ಕಾಣುತ್ತದೆ. ನೀವು ಆಗಸ್ಟ್ 3ರ ಫೋಟೋದಿಂದ ಶುರುಮಾಡಿದ್ದರಿಂದ ಉಳಿದ ಮೂರೂ ಮರೆಯಾಗಿವೆ.

ಬರೆಯುವ ಮೊದಲು ನಿಮ್ಮ ಬಳಕೆಗೆ ಒಂದು ಪಟ್ಟಿ ಮಾಡಿಕೊಳ್ಳಿ. ಪ್ರತಿ ಒಪ್ಪಂದದ ಎದುರು ಐದು ಅಂಕಣ: ದಿನಾಂಕ, ಸಹಿ ಮಾಡಿದವರು, ಹೊರಗುಳಿದವರು, ಅನ್ವಯಿಸುವ ಪ್ರದೇಶ, ಉಸ್ತುವಾರಿ ಯಾರದು. ಖಾಲಿ ಉಳಿದ ಅಂಕಣದ ಬಗ್ಗೆ ತೀರ್ಮಾನದ ಮಾತು ಆಡಬೇಡಿ. ಕದನವಿರಾಮ, ಚೌಕಟ್ಟು ಒಪ್ಪಂದ, ಅಂತಿಮ ಒಪ್ಪಂದ ಮೂರೂ ಬೇರೆ. ನೀವು ಮೂರನ್ನೂ ‘ಶಾಂತಿ ಒಪ್ಪಂದ’ ಎಂದು ಕರೆದಿದ್ದೀರಿ. ಸಾವಿನ ಸಂಖ್ಯೆ ಕೊಡುವಾಗ ವರ್ಷ, ಮೂಲ, ವ್ಯಾಪ್ತಿ ಹೇಳಿ. ನಾಗಾಲ್ಯಾಂಡ್ ರಾಜ್ಯದ ಅಂಕಿಯಲ್ಲಿ ಅರುಣಾಚಲದ ತಿರಪ್, ಚಾಂಗ್ಲಾಂಗ್ ಜಿಲ್ಲೆಗಳಲ್ಲಿ ಇದೇ ಬಣಗಳು ನಡೆಸಿದ ಕೊಲೆಗಳು ಸೇರುವುದಿಲ್ಲ. ಒಂದು ಚಕಮಕಿಯ ಬಗ್ಗೆ ಒಂದು ಬಣದ ಹೇಳಿಕೆಯನ್ನಷ್ಟೇ ನಂಬಬೇಡಿ; ಎದುರು ಬಣದ ಹೇಳಿಕೆ ಮತ್ತು ಕೊಹಿಮಾ, ದಿಮಾಪುರದ ಪತ್ರಿಕೆಗಳ ವರದಿಯನ್ನೂ ಜೊತೆಗಿಟ್ಟು ಓದಿ.

ಭಾಷೆ ಚೆನ್ನಾಗಿದೆ, ವಾಕ್ಯಗಳು ಬಿಗಿಯಾಗಿವೆ. ಕೊನೆಯ ಪ್ಯಾರಾದ ಹಾರೈಕೆ ಮಾತ್ರ ತೆಗೆಯಿರಿ. ಅಲ್ಲಿ 2017ರ ನವೆಂಬರ್ 17 ಬರಲಿ: ಕಿತೋವಿ ಝಿಮೋಮಿ ಮುಂದಾಳತ್ವದಲ್ಲಿ ಬೇರೆ ನಾಗಾ ಗುಂಪುಗಳು ಕೇಂದ್ರದೊಂದಿಗೆ ಪ್ರತ್ಯೇಕ ಒಪ್ಪಂದಕ್ಕೆ ಸಹಿ ಹಾಕಿದ ದಿನ. ಐಎಂ ಬಣ ಪ್ರತ್ಯೇಕ ಧ್ವಜ, ಸಂವಿಧಾನ ಬೇಕೇಬೇಕು ಎನ್ನುತ್ತದೆ. ಈ ಗುಂಪುಗಳು ಮೊದಲು ಸಹಿಯಾಗಲಿ, ಅದನ್ನು ಆಮೇಲೆ ಕೇಳೋಣ ಎನ್ನುತ್ತವೆ. ಈ ಭಿನ್ನಾಭಿಪ್ರಾಯವನ್ನು ಬಿಡಿಸಿ ಬರೆದು, 1,500 ಪದಗಳೊಳಗೆ ಮತ್ತೆ ಕಳಿಸಿ.